ನುಡಿ ಫೈಲನ್ನೂ ಓದಿಸಬಹುದು: ಎನ್‌ವಿಡಿಎಯಲ್ಲಿ ಸ್ವಂತ ಶಾರ್ಟ್‌ಕಟ್, ಸ್ವಂತ ಸ್ಕ್ರಿಪ್ಟ್

ನನಗೆ ಕಣ್ಣು ಕಾಣುವುದಿಲ್ಲ. ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದೇನೆ. ಪತ್ರ, ಟಿಪ್ಪಣಿ, ನಡಾವಳಿ, ಎಕ್ಸೆಲ್ ಪಟ್ಟಿ, ಇವೇ ದಿನದ ಕೆಲಸ. ಇದನ್ನೆಲ್ಲ ನನಗೆ ಓದಿ ಹೇಳುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಅದನ್ನು ಹಾಕಿಕೊಂಡು ಬಂದದ್ದನ್ನು ಬಂದ ಹಾಗೆ ಬಳಸುವವರೇ ನಮ್ಮಲ್ಲಿ ಜಾಸ್ತಿ. ಅದರಲ್ಲಿ ನಮಗೆ ಬೇಕಾದ ಶಾರ್ಟ್‌ಕಟ್ ನಾವೇ ಕೊಟ್ಟುಕೊಳ್ಳಬಹುದು, ಸಣ್ಣ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದು ಸೇರಿಸಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಈ ವಿಮರ್ಶೆ ಆ ಭಾಗದ ಬಗ್ಗೆ. ಕನ್ನಡದಲ್ಲಿ ಕಚೇರಿ ಕೆಲಸ ಮಾಡುವ ಅಂಧರಿಗೆ ಎನ್‌ವಿಡಿಎಯಲ್ಲಿ ಅತಿ ಹೆಚ್ಚು ಬೆಲೆಬಾಳುವುದು ಇದೇ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎನ್‌ವಿಡಿಎ ಶುರುವಾದದ್ದು 2006ರಲ್ಲಿ, ಆಸ್ಟ್ರೇಲಿಯಾದಲ್ಲಿ. ಶುರು ಮಾಡಿದವರು ಮೈಕಲ್ ಕರನ್. ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಇಬ್ಬರೂ ಸೇರಿ ಕಟ್ಟಿದ ಎನ್‌ವಿ ಆಕ್ಸೆಸ್ ಎಂಬ ಲಾಭಕ್ಕಲ್ಲದ ಸಂಸ್ಥೆ ಈಗಲೂ ಅದನ್ನು ನೋಡಿಕೊಳ್ಳುತ್ತಿದೆ. ದುಡ್ಡು ಕೊಡಬೇಕಿಲ್ಲ. ಒಳಗಿನ ಕೋಡ್ ಕೂಡ ಎಲ್ಲರಿಗೂ ಮುಕ್ತ. ಅದರ ಬಹುಪಾಲು ಬರೆದಿರುವುದು ಪೈಥಾನ್ ಭಾಷೆಯಲ್ಲಿ. ನನ್ನಂಥವರಿಗೆ ಇದರಿಂದ ಒಂದು ದೊಡ್ಡ ಅನುಕೂಲ ಇದೆ. ನಾವು ಬರೆದ ಒಂದು ಸಣ್ಣ ಪೈಥಾನ್ ಫೈಲನ್ನು ಸರಿಯಾದ ಫೋಲ್ಡರ್‌ಗೆ ಹಾಕಿದರೆ ಅದೂ ಎನ್‌ವಿಡಿಎಯ ಭಾಗವೇ ಆಗಿಬಿಡುತ್ತದೆ.

ಕೋಡ್ ಅಂದ ಕೂಡಲೇ ಹೆದರಬೇಡಿ. ಮೊದಲ ಮೆಟ್ಟಿಲಿಗೆ ಒಂದಕ್ಷರ ಕೋಡ್ ಬೇಡ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಕೀ) ಜೊತೆ ಎನ್ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ ಪ್ರಿಫರೆನ್ಸಸ್, ಅದರೊಳಗೆ ಇನ್‌ಪುಟ್ ಗೆಸ್ಚರ್ಸ್. ಎನ್‌ವಿಡಿಎ ಮಾಡಬಲ್ಲ ಪ್ರತಿಯೊಂದು ಕೆಲಸವೂ ಅಲ್ಲಿ ಪಟ್ಟಿಯಾಗಿ ಕೂತಿದೆ. ಅದರಲ್ಲಿ ಎಷ್ಟೋ ಕೆಲಸಗಳಿಗೆ ಶಾರ್ಟ್‌ಕಟ್ಟೇ ಕೊಟ್ಟಿಲ್ಲ. ಅವು ಇವೆ ಅಂತಲೂ ನಮಗೆ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಸಾಹೇಬರು ಡ್ರಾಫ್ಟ್ ತಿದ್ದುವಾಗ ಬದಲಾಯಿಸಿದ ಸಾಲನ್ನು ಕೆಂಪು ಅಕ್ಷರ ಮಾಡಿ ವಾಪಸ್ ಕಳಿಸುತ್ತಾರೆ. ಕಣ್ಣಿರುವವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನಗೆ ಗೊತ್ತಾಗಬೇಕಾದರೆ ಬಣ್ಣ ಹೇಳುವ ಸೆಟ್ಟಿಂಗ್ ಆನ್ ಇರಬೇಕು. ಯಾವಾಗಲೂ ಆನ್ ಇಟ್ಟರೆ ಬೇರೆ ಕಡೆಯೆಲ್ಲ ಕಪ್ಪು, ಬಿಳಿ, ನೀಲಿ ಅಂತ ಕಿವಿ ತುಂಬಿಬಿಡುತ್ತದೆ. ಆನ್ ಆಫ್ ಮಾಡಲು ಪ್ರತಿ ಸಲ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕುವುದು ಇನ್ನೂ ದೊಡ್ಡ ತಲೆನೋವು. ಆ ಇನ್‌ಪುಟ್ ಗೆಸ್ಚರ್ಸ್ ಪಟ್ಟಿಯಲ್ಲಿ ಬಣ್ಣ ಹೇಳುವುದನ್ನು ಆನ್ ಆಫ್ ಮಾಡುವ ಆಜ್ಞೆ ಇದೆ, ಕೀ ಮಾತ್ರ ಇಲ್ಲ. ಫಿಲ್ಟರ್ ಪೆಟ್ಟಿಗೆಯಲ್ಲಿ ಹುಡುಕಿ, ಆ್ಯಡ್ ಒತ್ತಿ, ಬೇಕಾದ ಕೀಗಳನ್ನು ಒತ್ತಿದರೆ ಮುಗಿಯಿತು. ಈಗ ಡ್ರಾಫ್ಟ್ ವಾಪಸ್ ಬಂದರೆ ಒಂದು ಕೀ ಒತ್ತುತ್ತೇನೆ. ಬಾಣದ ಕೀಲಿ ಸಾಲು ಸಾಲು ಇಳಿಯುತ್ತಾ ಹೋದರೆ ಎಲ್ಲಿ ಕೆಂಪು ಅನ್ನುತ್ತದೋ ಅಲ್ಲಿ ನಿಲ್ಲುತ್ತೇನೆ.

ಹೊಸ ಕೀ ಕೊಡುವ ಮೊದಲು ಎನ್‌ವಿಡಿಎ ಕೀ ಜೊತೆ 1 ಒತ್ತಿ. ಇನ್‌ಪುಟ್ ಹೆಲ್ಪ್ ಆನ್ ಆಗುತ್ತದೆ. ಆಗ ಯಾವ ಕೀ ಒತ್ತಿದರೂ ಅದು ಏನು ಮಾಡುತ್ತದೆ ಅಂತ ಹೇಳುತ್ತದೆ, ಮಾಡುವುದಿಲ್ಲ. ನೀವು ಕೊಡಬೇಕೆಂದಿರುವ ಕೀಗೆ ಆಗಲೇ ಬೇರೆ ಕೆಲಸ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ನೋಡಿದ ಮೇಲೆ ಮತ್ತೆ ಅದೇ ಕೀ ಒತ್ತಿ ಆಫ್ ಮಾಡಿ.

ಎರಡನೆಯದು ಪ್ರೊಫೈಲ್. ಎಕ್ಸೆಲ್‌ಗೆ ಬೇರೆ, ವರ್ಡ್‌ಗೆ ಬೇರೆ ಅಂತ ಸೆಟ್ಟಿಂಗ್ ಇಡಬಹುದು. ಎಕ್ಸೆಲ್ ತೆರೆದ ಕೂಡಲೇ ನನ್ನ ಎನ್‌ವಿಡಿಎಯ ಮಾತು ಸ್ವಲ್ಪ ನಿಧಾನ ಆಗುತ್ತದೆ, ಚಿಹ್ನೆಗಳನ್ನೂ ಓದುತ್ತದೆ. ಹಣದ ಅಂಕಿ ತಪ್ಪಿ ಕೇಳಬಾರದಲ್ವಾ. ಪ್ರೂಫ್ ನೋಡಲು ಇನ್ನೊಂದು ಪ್ರೊಫೈಲ್ ಇದೆ. ಅದರಲ್ಲಿ ಪೂರ್ಣವಿರಾಮ, ಅಲ್ಪವಿರಾಮ, ಆವರಣ ಚಿಹ್ನೆ ಎಲ್ಲವನ್ನೂ ಹೇಳುತ್ತದೆ. ನಾವು ಮಾಡಿದ ಪ್ರೊಫೈಲ್‌ಗಳು ತಾವಾಗಿಯೇ ಇನ್‌ಪುಟ್ ಗೆಸ್ಚರ್ಸ್ ಪಟ್ಟಿಗೂ ಬರುತ್ತವೆ. ಅವಕ್ಕೂ ಒಂದೊಂದು ಕೀ ಕೊಟ್ಟಿದ್ದೇನೆ.

ಮೂರನೆಯದು ಮಾತಿನ ನಿಘಂಟು, ಅಂದರೆ ಸ್ಪೀಚ್ ಡಿಕ್ಷನರಿ. ಸರ್ಕಾರಿ ಕನ್ನಡದಲ್ಲಿ ಚುಕ್ಕಿ ಹಾಕಿದ ಅರ್ಧ ಪದಗಳೇ ಅರ್ಧ ಪುಟ. ಕ್ರ.ಸಂ., ಗ್ರಾ.ಪಂ., ತಾ.ಪಂ., ಜಿ.ಪಂ. ಹೀಗೆ. ಇವನ್ನು ತುಂಡು ತುಂಡಾಗಿ ಓದಿದರೆ ಏನು ಅಂತ ತಿಳಿಯುವುದಿಲ್ಲ. ಡಿಕ್ಷನರಿಯಲ್ಲಿ ಒಂದು ಸಲ ಹಾಕಿಟ್ಟರೆ ಗ್ರಾ.ಪಂ. ಬಂದಲ್ಲೆಲ್ಲ ಗ್ರಾಮ ಪಂಚಾಯಿತಿ ಅಂತಲೇ ಓದುತ್ತದೆ. ಇಲ್ಲಿ ಒಂದು ಕಿವಿಮಾತು. ಇಡೀ ಪದ ಹೊಂದಿದರೆ ಮಾತ್ರ ಅನ್ನುವ ಆಯ್ಕೆ ಕನ್ನಡಕ್ಕೆ ಕೈಕೊಡುತ್ತದೆ. ಪೈಥಾನ್ ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಿನ ಹಲಂತ ಇವನ್ನು ಅಕ್ಷರ ಅಂತ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಪದ ಎಲ್ಲಿ ಮುಗಿಯಿತು ಅನ್ನುವುದೇ ಅದಕ್ಕೆ ತಪ್ಪಿಹೋಗುತ್ತದೆ. ಎಲ್ಲಿ ಬಂದರೂ ಬದಲಾಯಿಸು ಅನ್ನುವ ಆಯ್ಕೆ ಇಟ್ಟುಕೊಳ್ಳಿ. ಬೇರೆ ಪದದ ಮಧ್ಯೆ ಬರುವಂಥ ತೀರಾ ಚಿಕ್ಕ ತುಂಡನ್ನು ಮಾತ್ರ ಹಾಕಬೇಡಿ.

ಇಷ್ಟರ ತನಕ ಎಲ್ಲರೂ ಮಾಡಬಹುದು. ನನ್ನ ಕೆಲಸವನ್ನೇ ಬದಲಿಸಿದ್ದು ಇದರ ಮುಂದಿನದು.

ಕನ್ನಡ ಕಚೇರಿಗಳಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಅಂಧ ನೌಕರರಿಗೂ ಗೊತ್ತಿರುವ ತೊಂದರೆ ಹಳೆಯ ನುಡಿ ಫೈಲ್‌ಗಳದ್ದು. ನುಡಿ ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಅದರ ಪಾಲು ದೊಡ್ಡದು, ಆ ಬಗ್ಗೆ ಎರಡು ಮಾತಿಲ್ಲ. ಈಗಿನ ನುಡಿಯಲ್ಲಿ ಯೂನಿಕೋಡ್ ಕೂಡ ಇದೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಆದರೆ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಕಚೇರಿ ಕಚೇರಿಯಲ್ಲೂ ರಾಶಿ ಬಿದ್ದಿವೆ. ಅಭ್ಯಾಸಬಲದಿಂದ ಇವತ್ತಿಗೂ ಅದರಲ್ಲೇ ಟೈಪ್ ಮಾಡಿ ಕಳಿಸುವವರಿದ್ದಾರೆ. ಆ ಫೈಲಿನೊಳಗೆ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ಆಕಾರ ಬರೆಯುತ್ತದೆ ಅಷ್ಟೇ. ನೋಡುವವರಿಗೆ ಚೆಂದದ ಕನ್ನಡ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗಿರುವ ಅಕ್ಷರ ಓದುತ್ತದೆ.

ಕನ್ನಡ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಹಳೆಯ ನುಡಿ ಫೈಲಿನಲ್ಲಿ ಅದರೊಳಗೆ ಹೀಗಿರುತ್ತದೆ: ಇಂಗ್ಲಿಷಿನ ಪಿ, ಮೇಲೆ ಓರೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್‌ಜೆಟ್ ಎಂಬ ಅಕ್ಷರ, ಕ್ಯೂ, ಮತ್ತೆ ಅದೇ ಎ. ಒಂದು ಪದಕ್ಕೆ ಇಷ್ಟು. ಇಡೀ ಸುತ್ತೋಲೆ ಹೀಗೇ ಕಿವಿಗೆ ಬಿದ್ದರೆ ಏನು ಅರ್ಥವಾದೀತು?

ಇಂಥ ಫೈಲ್ ಬಂದಾಗ ಪಕ್ಕದ ಟೇಬಲ್‌ನವರು "ಮೇಡಂ, ಅದು ನುಡೀಲಿದೆ, ನಾನೇ ಓದಿ ಹೇಳ್ತೀನಿ ಬಿಡಿ" ಅನ್ನುತ್ತಿದ್ದರು. ಅವರ ಒಳ್ಳೆಯ ಮನಸ್ಸಿಗೆ ನಾನು ಋಣಿ. ಆದರೆ ಅವರಿಗೂ ಅವರದ್ದೇ ಕಡತಗಳಿವೆ. ಇಲಾಖಾ ವಿಚಾರಣೆಯಂಥ ಗೋಪ್ಯ ಟಿಪ್ಪಣಿ ಬಂದರೆ ಇನ್ನೊಬ್ಬರ ಬಾಯಲ್ಲಿ ಓದಿಸುವುದು ಸರಿಯೂ ಅಲ್ಲ. ಕಡತ ಯಾರ ಹೆಸರಿನಲ್ಲಿದೆಯೋ ಅವರೇ ಓದಬೇಕು. ನನ್ನ ಕೆಲಸ ನಾನೇ ಮಾಡಬೇಕು ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

ಹಳೆಯ ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ. ಕೆಲವು ಮುಕ್ತ ತಂತ್ರಾಂಶಗಳೇ. ಆದರೆ ಪ್ರತಿ ಸಲ ಕಾಪಿ ಮಾಡಿ, ಬೇರೆ ಪುಟ ತೆರೆದು, ಪೇಸ್ಟ್ ಮಾಡಿ, ಬಟನ್ ಹುಡುಕಿ ಒತ್ತಿ, ಮತ್ತೆ ಕಾಪಿ ಮಾಡಿ ತರಬೇಕು. ಎರಡು ಸಾಲಿನ ವಿಷಯಕ್ಕೂ ಇಷ್ಟೆಲ್ಲ. ಅದೂ ಅಲ್ಲದೆ ಕಚೇರಿಯ ಗೋಪ್ಯ ಕಡತವನ್ನು ಇಂಟರ್‌ನೆಟ್‌ನಲ್ಲಿ ಯಾರದ್ದೋ ಪುಟಕ್ಕೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಆ ಕೆಲಸವನ್ನು ಎನ್‌ವಿಡಿಎ ಒಳಗೇ ತಂದೆ.

ಎನ್‌ವಿಡಿಎಯಲ್ಲಿ ಸ್ಕ್ರ್ಯಾಚ್‌ಪ್ಯಾಡ್ ಅಂತ ಒಂದು ಫೋಲ್ಡರ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಭಾಗಕ್ಕೆ ಹೋಗಿ, ಎಚ್ಚರಿಕೆಯನ್ನು ಒಪ್ಪಿ, ಸ್ಕ್ರ್ಯಾಚ್‌ಪ್ಯಾಡ್ ಆನ್ ಮಾಡಬೇಕು. ಅದರೊಳಗೆ ಗ್ಲೋಬಲ್ ಪ್ಲಗಿನ್ಸ್, ಆ್ಯಪ್ ಮಾಡ್ಯೂಲ್ಸ್ ಅಂತ ಒಳಫೋಲ್ಡರ್‌ಗಳಿರುತ್ತವೆ. ಎಲ್ಲ ಕಡೆ ಕೆಲಸ ಮಾಡಬೇಕಾದ ಸ್ಕ್ರಿಪ್ಟ್ ಮೊದಲನೆಯದಕ್ಕೆ. ಒಂದೇ ಪ್ರೋಗ್ರಾಂಗೆ ಬೇಕಾದದ್ದು ಎರಡನೆಯದಕ್ಕೆ.

ನನ್ನ ನುಡಿ ಸ್ಕ್ರಿಪ್ಟ್ ಮೊದಲನೆಯದರಲ್ಲಿದೆ. ಕಾಪಿ ಮಾಡಿದ ಪಠ್ಯವನ್ನು ಕ್ಲಿಪ್‌ಬೋರ್ಡ್‌ನಿಂದ ತೆಗೆದುಕೊಳ್ಳುತ್ತದೆ. ಒಂದು ಕೋಷ್ಟಕ ಇಟ್ಟುಕೊಂಡು ಯೂನಿಕೋಡ್ ಮಾಡುತ್ತದೆ. ಆಮೇಲೆ ಓದುತ್ತದೆ. ಒಂದು ಸಲ ಒತ್ತಿದರೆ ಓದುವುದು ಮಾತ್ರ. ಬೇಗ ಬೇಗ ಎರಡು ಸಲ ಒತ್ತಿದರೆ ಒಂದು ಕಿಟಕಿ ತೆರೆದು ಅದರಲ್ಲಿ ಹಾಕುತ್ತದೆ, ನಾನು ಸಾಲು ಸಾಲಾಗಿ ಓದಿಕೊಳ್ಳಬಹುದು. ಮೂರು ಸಲ ಒತ್ತಿದರೆ ಯೂನಿಕೋಡ್ ಪಠ್ಯವನ್ನು ಕ್ಲಿಪ್‌ಬೋರ್ಡ್‌ಗೇ ವಾಪಸ್ ಹಾಕುತ್ತದೆ, ಬೇಕಾದ ಕಡೆ ಪೇಸ್ಟ್ ಮಾಡಬಹುದು. ಕ್ಲಿಪ್‌ಬೋರ್ಡ್ ಓದುವುದು, ಮಾತಾಡಿಸುವುದು, ಕಿಟಕಿ ತೆರೆಯುವುದು, ಎಷ್ಟು ಸಲ ಒತ್ತಿದರು ಅಂತ ಎಣಿಸುವುದು, ಇದಕ್ಕೆಲ್ಲ ಎನ್‌ವಿಡಿಎಯಲ್ಲಿ ಸಿದ್ಧ ಆಜ್ಞೆಗಳಿವೆ. ತಲಾ ಒಂದೊಂದು ಸಾಲು ಅಷ್ಟೇ.

ಕಷ್ಟ ಇದ್ದದ್ದು ಕೋಷ್ಟಕದಲ್ಲಿ. ಪಿ ಮತ್ತು ಎ ಸೇರಿದರೆ ಕ, ಪೌಂಡ್ ಮತ್ತು ಎ ಸೇರಿದರೆ ನ, ಎಸ್‌ಜೆಟ್ ಬಂದರೆ ನ ಒತ್ತು, ಕ್ಯೂ ಮತ್ತು ಎ ಸೇರಿದರೆ ಡ. ಇಲ್ಲಿಯವರೆಗೆ ಸುಲಭ. ಆದರೆ ಹಳೆಯ ನುಡಿಯಲ್ಲಿ ಅಕ್ಷರಗಳು ಕೂರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ಕೂರುವುದು ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲಿ. ಕರ್ನಾಟಕ ಅಂತ ಬರೆದರೆ ಹಳೆಯ ನುಡಿಯಲ್ಲಿ ಕ, ನಾ, ಆಮೇಲೆ ಅರ್ಕಾವತ್ತು, ಆಮೇಲೆ ಟಕ. ಯೂನಿಕೋಡ್‌ಗೆ ತರುವಾಗ ಆ ಅರ್ಕಾವತ್ತನ್ನು ನಾ ಅಕ್ಷರಕ್ಕಿಂತ ಮೊದಲಿಗೆ ಒಯ್ದು ರ ಮತ್ತು ಹಲಂತ ಮಾಡಬೇಕು. ಸ್ತ್ರೀ ಇನ್ನೂ ಕಷ್ಟ. ಅಲ್ಲಿ ಮೊದಲು ಸಿ, ಆಮೇಲೆ ತ ಒತ್ತು, ಆಮೇಲೆ ರ ಒತ್ತು, ಎಲ್ಲ ಆದ ಮೇಲೆ ದೀರ್ಘ. ಸಿ ಒಳಗಿನ ಗುಡಿಸನ್ನು ಬಿಡಿಸಿ, ಎರಡು ಒತ್ತುಗಳನ್ನು ದಾಟಿಸಿ, ಕೊನೆಯ ದೀರ್ಘದ ಜೊತೆ ಕೂಡಿಸಿದರೆ ಮಾತ್ರ ಸ್ತ್ರೀ ಆಗುತ್ತದೆ. ಕೂಡಿಸದಿದ್ದರೆ ಓದುವಾಗ ಮುಗ್ಗರಿಸುತ್ತದೆ. ನನ್ನ ಸೋದರತ್ತೆಯ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಪರದೆಯ ಮೇಲೆ ಯಾವ ಆಕಾರ ಕಾಣುತ್ತಿದೆ ಅಂತ ಅವಳು ಹೇಳಿದಳು, ಒಳಗೆ ಯಾವ ಅಕ್ಷರ ಇದೆ ಅಂತ ನಾನು ಕೇಳಿ ಹೇಳಿದೆ. ಹೀಗೆ ಕೂತು ಕೋಷ್ಟಕ ತಾಳೆ ನೋಡಿದೆವು.

ಇನ್ನೊಂದು ತೊಡಕು ಇತ್ತು. ಸರ್ಕಾರಿ ಪತ್ರದಲ್ಲಿ ಕನ್ನಡದ ಮಧ್ಯೆ ಇಂಗ್ಲಿಷ್ ಬರುತ್ತದೆ. ಇಮೇಲ್ ವಿಳಾಸ, ಟೆಂಡರ್ ಸಂಖ್ಯೆ, ಕಂಪನಿ ಹೆಸರು. ಪರಿವರ್ತಕಕ್ಕೆ ಅದೂ ನುಡಿಯ ಅಕ್ಷರವೇ. ಇಂಗ್ಲಿಷನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಎನ್‌ವಿಡಿಎ ಒಳಗೆ ಕೂತು ಕೆಲಸ ಮಾಡುವುದರ ನಿಜವಾದ ಲಾಭ ಇಲ್ಲಿದೆ. ಎನ್‌ವಿಡಿಎ ಕೀ ಜೊತೆ ಎಫ್ ಒತ್ತಿದರೆ ಕರ್ಸರ್ ಇರುವ ಕಡೆಯ ಫಾಂಟ್ ಹೆಸರು ಹೇಳುತ್ತದಲ್ವಾ. ಅದೇ ಮಾಹಿತಿ ಸ್ಕ್ರಿಪ್ಟ್‌ಗೂ ಸಿಗುತ್ತದೆ. ವರ್ಡ್‌ನಲ್ಲಿ ಆಯ್ಕೆ ಮಾಡಿದ ಪಠ್ಯವನ್ನು ಫಾಂಟ್ ಬದಲಾದಲ್ಲೆಲ್ಲ ತುಂಡು ಮಾಡಿ ಕೊಡು ಅಂತ ಕೇಳಬಹುದು. ಫಾಂಟ್ ಹೆಸರು ನುಡಿ ಅಂತ ಶುರುವಾಗುವ ತುಂಡನ್ನು ಮಾತ್ರ ಬದಲಾಯಿಸು, ಉಳಿದದ್ದನ್ನು ಇದ್ದ ಹಾಗೇ ಬಿಡು. ಇಷ್ಟು ಹೇಳಿದ ಮೇಲೆ ಇಂಗ್ಲಿಷ್ ಇಂಗ್ಲಿಷಾಗಿಯೇ ಉಳಿಯಿತು. ಕ್ಲಿಪ್‌ಬೋರ್ಡ್ ಮೂಲಕ ಬರುವ ಬರೀ ಪಠ್ಯದಲ್ಲಿ ಫಾಂಟ್ ಮಾಹಿತಿ ಇರುವುದಿಲ್ಲ. ಅದಕ್ಕೇ ವರ್ಡ್‌ನಲ್ಲಿ ಈಗ ಕಾಪಿ ಮಾಡುವುದನ್ನೇ ಬಿಟ್ಟಿದ್ದೇನೆ. ಆಯ್ಕೆ ಮಾಡು, ಕೀ ಒತ್ತು, ಕೇಳು.

ಓದುವ ಧ್ವನಿ ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್‌ನ ಕನ್ನಡ. ಯಂತ್ರದ ಧ್ವನಿಯೇ, ಮನುಷ್ಯರ ಧ್ವನಿಯ ಇಂಪು ಇಲ್ಲ. ಆದರೆ ಜೋರು ವೇಗದಲ್ಲೂ ಒತ್ತಕ್ಷರ ಸ್ಪಷ್ಟ ಕೇಳುತ್ತದೆ, ಕೀ ಒತ್ತಿದ ತಕ್ಷಣ ಉತ್ತರ ಕೊಡುತ್ತದೆ. ಕೆಲಸಕ್ಕೆ ನನಗೆ ಅದೇ ಇಷ್ಟ.

ಪೈಥಾನ್ ಬರೆಯುವುದು ಹೇಗೆ, ಕಾಣುವುದಿಲ್ಲವಲ್ಲ, ಅಂತ ಕೇಳುವವರಿದ್ದಾರೆ. ಪೈಥಾನ್‌ನಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನುವುದು ಮುಖ್ಯ. ಅದು ತಪ್ಪಿದರೆ ಪ್ರೋಗ್ರಾಂ ನಡೆಯುವುದಿಲ್ಲ. ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್‌ನಲ್ಲಿ ಇದಕ್ಕೆ ಒಂದು ಆಯ್ಕೆ ಇದೆ. ಸಾಲು ಒಳಗೆ ಸರಿದಷ್ಟೂ ಒಂದು ಸ್ವರ ಬದಲಾಗುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತೇನೆ. ಇಳಿಯುತ್ತಾ ಹೋದಂತೆ ಸ್ವರ ಏರಿದರೆ ಒಳಗಿನ ಸಾಲು, ಇಳಿದರೆ ಹೊರಗಿನದು. ಎರಡು ಮೂರು ದಿನದಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ.

ಬದಲಾಯಿಸಿದ್ದನ್ನು ಪರೀಕ್ಷಿಸಲು ಎನ್‌ವಿಡಿಎ ಮುಚ್ಚಿ ತೆರೆಯಬೇಕಿಲ್ಲ. ಎನ್‌ವಿಡಿಎ, ಕಂಟ್ರೋಲ್, ಎಫ್3 ಒಟ್ಟಿಗೆ ಒತ್ತಿದರೆ ಎಲ್ಲ ಪ್ಲಗಿನ್‌ಗಳೂ ಮತ್ತೆ ಲೋಡ್ ಆಗುತ್ತವೆ. ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ದೋಷ ಬಂದಾಗ ಸದ್ದು ಮಾಡು ಅನ್ನುವುದನ್ನು ಆನ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಒಳಗೆ ತಪ್ಪಿದ್ದಾಗ ಕೀ ಒತ್ತಿದರೆ ಸುಮ್ನೆ ಇದ್ದುಬಿಡುತ್ತದೆ. ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಸ್ಕ್ರಿಪ್ಟ್‌ಗೆ ಕೊಡುವ ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ನಾನು "ನುಡಿ ಪಠ್ಯವನ್ನು ಯೂನಿಕೋಡ್ ಮಾಡಿ ಓದು" ಅಂತ ಬರೆದಿದ್ದೇನೆ. ಇನ್‌ಪುಟ್ ಹೆಲ್ಪ್‌ನಲ್ಲಿ ಆ ಕೀ ಒತ್ತಿದರೆ ಅದನ್ನೇ ಹೇಳುತ್ತದೆ.

ಆ್ಯಪ್ ಮಾಡ್ಯೂಲ್ ಬಗ್ಗೆಯೂ ಹೇಳಬೇಕು. ನಮ್ಮ ಕೆಲಸಕ್ಕೆ ಒಂದು ಹಳೆಯ ಡೇಟಾ ಎಂಟ್ರಿ ಪ್ರೋಗ್ರಾಂ ಇದೆ. ಹೆಸರು ಬೇಡ. ಅದರಲ್ಲಿ ಉಳಿಸು, ಮುದ್ರಿಸು, ಅಳಿಸು, ಮುಚ್ಚು ಅಂತ ನಾಲ್ಕು ಬಟನ್. ನಾಲ್ಕಕ್ಕೂ ಚಿತ್ರ ಇದೆ, ಹೆಸರಿಲ್ಲ. ಟ್ಯಾಬ್ ಒತ್ತುತ್ತಾ ಹೋದರೆ ಬಟನ್, ಬಟನ್, ಬಟನ್, ಬಟನ್. ಉಳಿಸುವ ಬಟನ್ ಪಕ್ಕದಲ್ಲೇ ಅಳಿಸುವ ಬಟನ್ ಇದ್ದರೆ ಎಷ್ಟು ಭಯ ಅಂತ ಯೋಚಿಸಿ. ಒಂದೊಂದು ಬಟನ್ ಮೇಲೆ ನಿಂತು ಎನ್‌ವಿಡಿಎ ಜೊತೆ ಎಫ್1 ಒತ್ತಿದರೆ ಲಾಗ್, ಅಂದರೆ ಎನ್‌ವಿಡಿಎ ಬರೆದಿಡುವ ದಾಖಲೆ, ತೆರೆಯುತ್ತದೆ. ಅದರಲ್ಲಿ ಆ ಬಟನ್ನಿನ ಕಂಟ್ರೋಲ್ ಐಡಿ ಎಂಬ ಅಂಕಿ ಇರುತ್ತದೆ. ಈ ಪ್ರೋಗ್ರಾಂನಲ್ಲಿ ಒಂದೊಂದು ಬಟನ್‌ಗೆ ಒಂದೊಂದು ಅಂಕಿ, ಯಾವಾಗ ತೆರೆದರೂ ಅದೇ. ಆ ಪ್ರೋಗ್ರಾಂ ಹೆಸರಿನಲ್ಲೇ ಒಂದು ಪೈಥಾನ್ ಫೈಲ್ ಮಾಡಿ, ಈ ಅಂಕಿ ಬಂದರೆ ಉಳಿಸು ಅನ್ನು, ಆ ಅಂಕಿ ಬಂದರೆ ಅಳಿಸು ಅನ್ನು ಅಂತ ಬರೆದೆ. ಇಪ್ಪತ್ತು ಸಾಲೂ ಇಲ್ಲ. ಈಗ ನಾಲ್ಕೂ ತಮ್ಮ ಹೆಸರು ಹೇಳುತ್ತವೆ.

ಇದು ನಾನು ಮಾಡಬೇಕಾದ ಕೆಲಸ ಆಗಿರಲಿಲ್ಲ. ಬಟನ್‌ಗೆ ಹೆಸರು ಕೊಡುವುದು ತಂತ್ರಾಂಶ ಬರೆದವರ ಹೊಣೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನ ನಮಗೂ ಸುಗಮವಾಗಿರಬೇಕು ಅಂತ ಹೇಳುತ್ತದೆ. ನಾವು ಸ್ಕ್ರಿಪ್ಟ್ ಬರೆದುಕೊಂಡೆವು ಅಂತ ಅವರ ಹೊಣೆ ಕಡಿಮೆ ಆಗುವುದಿಲ್ಲ. ಹೆಸರು ಕೊಡಿ ಅಂತ ಲಿಖಿತವಾಗಿ ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಬಾರದು.

ಟೈಪಿಂಗ್ ಕಡಿಮೆ ಮಾಡಲು ಆಟೋಹಾಟ್‌ಕೀ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನೂ ಬಳಸುತ್ತೇನೆ. ಅದು ಸ್ಕ್ರೀನ್ ರೀಡರ್ ಅಲ್ಲ, ಕೀಗಳಿಗೆ ಕೆಲಸ ಹಚ್ಚುವ ತಂತ್ರಾಂಶ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಅಂತ ದಿನಕ್ಕೆ ಎಷ್ಟು ಸಲ ಬರೆಯುತ್ತೇವೆ! ಒಂದು ಕೀ ಒತ್ತಿದರೆ ಇಡೀ ಒಕ್ಕಣೆ ಬಂದು ಕೂರುತ್ತದೆ. ಸಂಕ್ಷಿಪ್ತ ಪದ ಬರೆದರೆ ವಿಸ್ತರಿಸುವ ಸೌಲಭ್ಯವೂ ಅದರಲ್ಲಿದೆ. ನಾನು ಗಳಿಗೆಗೊಮ್ಮೆ ಕನ್ನಡ, ಇಂಗ್ಲಿಷ್ ಕೀಲಿಮಣೆ ಬದಲಿಸುವುದರಿಂದ ನೇರ ಕೀಗಳೇ ನನಗೆ ಅನುಕೂಲ.

ಎರಡನ್ನೂ ಒಟ್ಟಿಗೆ ಬಳಸುವವರಿಗೆ ಎರಡು ಮಾತು. ಎರಡೂ ಕೀಬೋರ್ಡ್ ಮೇಲೆ ಕಿವಿ ಇಟ್ಟು ಕೂರುವ ತಂತ್ರಾಂಶಗಳು. ಯಾವುದು ಆಮೇಲೆ ಶುರುವಾಯಿತೋ ಅದಕ್ಕೆ ಕೀ ಮೊದಲು ಸಿಗುತ್ತದೆ. ಎನ್‌ವಿಡಿಎಯ ಶಾರ್ಟ್‌ಕಟ್ ಇದ್ದಕ್ಕಿದ್ದಂತೆ ಕೆಲಸ ಮಾಡದಿದ್ದರೆ ಎನ್‌ವಿಡಿಎಯನ್ನು ಒಮ್ಮೆ ಮರುಪ್ರಾರಂಭಿಸಿ. ಕನ್ನಡ ಪಠ್ಯ ಇರುವ ಸ್ಕ್ರಿಪ್ಟನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಉಳಿಸಿ. ಆಟೋಹಾಟ್‌ಕೀಯ ಹಳೆಯ 1ನೇ ಆವೃತ್ತಿ ಆದರೆ ಬಿಒಎಂ (ಫೈಲಿನ ಶುರುವಿನಲ್ಲಿ ಕೂರುವ ಒಂದು ಗುರುತು) ಇರುವ ಯುಟಿಎಫ್-8 ಬೇಕು, 2ನೇ ಆವೃತ್ತಿಗೆ ಆ ಚಿಂತೆ ಇಲ್ಲ. ಎನ್‌ವಿ ಆಕ್ಸೆಸ್ ಕೊಡುವ ಕಂಟ್ರೋಲರ್ ಕ್ಲೈಂಟ್ ಎಂಬ ಫೈಲ್ ಬಳಸಿದರೆ ಆಟೋಹಾಟ್‌ಕೀ ಸ್ಕ್ರಿಪ್ಟೇ ಎನ್‌ವಿಡಿಎ ಧ್ವನಿಯಲ್ಲಿ ಮಾತಾಡಬಹುದು. ನನ್ನದು ಕೆಲಸ ಮುಗಿದ ಮೇಲೆ "ಒಕ್ಕಣೆ ಬಂತು" ಅನ್ನುತ್ತದೆ.

ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಜೊತೆ ಹೋಲಿಸಿ ಹೇಳಿ ಅಂತ ಕೇಳುವವರಿಗೆ. ತರಬೇತಿಯಲ್ಲಿ ನಾನು ಕಲಿತದ್ದು ಜಾಸ್‌ನಲ್ಲೇ. 1989ರಲ್ಲಿ ಡಾಸ್ ಕಾಲದಲ್ಲಿ ಟೆಡ್ ಹೆಂಟರ್ ಶುರು ಮಾಡಿದ ತಂತ್ರಾಂಶ ಅದು. ಅದಕ್ಕೆ ತನ್ನದೇ ಸ್ಕ್ರಿಪ್ಟ್ ಭಾಷೆ ಇದೆ. ಇನ್ಸರ್ಟ್ ಜೊತೆ 0 ಒತ್ತಿದರೆ ಆ ಪ್ರೋಗ್ರಾಂನ ಸ್ಕ್ರಿಪ್ಟೇ ತೆರೆದುಕೊಳ್ಳುತ್ತದೆ. ಬರೆದು ಉಳಿಸಿದರೆ ಅಲ್ಲೇ ಕಂಪೈಲ್ ಆಗುತ್ತದೆ. ಈ ವಿಷಯದಲ್ಲಿ ಜಾಸ್ ಮುಂದಿದೆ, ಎಡಿಟರ್ ಕೈಗೇ ಸಿಗುತ್ತದೆ. ಎನ್‌ವಿಡಿಎಯಲ್ಲಿ ಫೋಲ್ಡರ್ ಹುಡುಕಿಕೊಂಡು ಹೋಗಬೇಕು. ಆದರೆ ಜಾಸ್‌ಗೆ ಲೈಸೆನ್ಸ್ ದುಡ್ಡು ಬೇಕು. ಇಲ್ಲದಿದ್ದರೆ 40 ನಿಮಿಷಕ್ಕೆ ನಿಲ್ಲುತ್ತದೆ, ಮತ್ತೆ ಬೇಕಾದರೆ ಕಂಪ್ಯೂಟರ್ ಮರುಪ್ರಾರಂಭಿಸಬೇಕು. ಅದರ ಸ್ಕ್ರಿಪ್ಟ್ ಭಾಷೆ ಕಲಿತರೆ ಅಲ್ಲಿಗೆ ಮಾತ್ರ ಉಪಯೋಗ. ಪೈಥಾನ್ ಕಲಿತರೆ ಹತ್ತು ಕಡೆ ಉಪಯೋಗ, ಕಲಿಸುವವರೂ ಊರೂರಲ್ಲಿ ಸಿಗುತ್ತಾರೆ.

ಎನ್‌ವಿಡಿಎಯಲ್ಲಿ ನನಗೆ ಬೇಸರ ತರಿಸುವ ಸಂಗತಿಗಳೂ ಇವೆ. ಸ್ಕ್ರಿಪ್ಟ್ ಬರೆಯುವವರಿಗಾಗಿ ಇರುವ ಮಾರ್ಗದರ್ಶಿ ಪ್ರೋಗ್ರಾಮರ್‌ಗಳಿಗೆ ಬರೆದದ್ದು, ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಂಧ ಹುಡುಗ ಹುಡುಗಿಯರು ಅದನ್ನು ಓದಿ ಶುರು ಮಾಡುವುದು ಕಷ್ಟ. ಆವೃತ್ತಿ ಬದಲಾದಾಗ ಆಗುವ ತೊಂದರೆ ಇನ್ನೊಂದು. ಪ್ರತಿ ವರ್ಷದ ಮೊದಲ ಆವೃತ್ತಿಯಲ್ಲಿ ಒಳಗಿನ ಆಜ್ಞೆಗಳು ಒಂದಿಷ್ಟು ಬದಲಾಗುತ್ತವೆ. ಹಳೆಯ ಆ್ಯಡ್-ಆನ್‌ಗಳು, ಅಂದರೆ ಎನ್‌ವಿಡಿಎಗೆ ಹೊರಗಿನಿಂದ ಸೇರಿಸಿಕೊಳ್ಳುವ ಪ್ರೋಗ್ರಾಂಗಳು, ನಿಲ್ಲುತ್ತವೆ. 2019.3ರಲ್ಲಿ ಪೈಥಾನ್ 2ರಿಂದ 3ಕ್ಕೆ ಹೋದಾಗ ಬಹಳಷ್ಟು ಆ್ಯಡ್-ಆನ್‌ಗಳನ್ನು ತಿದ್ದಬೇಕಾಗಿ ಬಂತು. ಹಾಗಾಗಿ .1 ಅಂತ ಕೊನೆಯಾಗುವ ಆವೃತ್ತಿ ಬಂದಾಗ ಕಚೇರಿಯ ಕಂಪ್ಯೂಟರ್‌ಗೆ ನಾನು ತಕ್ಷಣ ಹಾಕುವುದಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ನೋಡಿ, ಸ್ಕ್ರಿಪ್ಟ್ ಸರಿ ಮಾಡಿ, ಆಮೇಲೆ ಹಾಕುತ್ತೇನೆ.

ಸುರಕ್ಷತೆಯ ಮಾತೂ ಇದೆ. ಈ ಸ್ಕ್ರಿಪ್ಟ್‌ಗಳಿಗೆ ಬೇಲಿ ಇಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಏನು ಮಾಡಬಹುದೋ ಅದೆಲ್ಲವನ್ನೂ ಅದರೊಳಗಿನ ಸ್ಕ್ರಿಪ್ಟ್ ಕೂಡ ಮಾಡಬಹುದು. ನೀವು ಒತ್ತುವ ಕೀ ಕೂಡ ಅದಕ್ಕೆ ಗೊತ್ತಾಗುತ್ತದೆ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು ಅಂತ ಹಾಕಿಕೊಳ್ಳಬೇಡಿ. 2023.2ರಿಂದ ಎನ್‌ವಿಡಿಎ ಒಳಗೇ ಆ್ಯಡ್-ಆನ್ ಸ್ಟೋರ್ ಬಂದಿದೆ, ಹುಡುಕಲು ಅದು ಒಳ್ಳೆಯ ಜಾಗ. ಅಲ್ಲಿನದ್ದನ್ನೂ ಯಾರು ಬರೆದದ್ದು ಅಂತ ನೋಡಿ ಹಾಕಿಕೊಳ್ಳಿ. ಲಾಗಿನ್ ಪರದೆಗೆ ಸೆಟ್ಟಿಂಗ್ ನಕಲು ಮಾಡುವ ಬಟನ್ ಇದೆ. ಸ್ಕ್ರಿಪ್ಟ್‌ಗಳಿದ್ದಾಗ ಅದನ್ನು ಒತ್ತಬೇಡಿ.

ಯಾರಿಗೆ ಹೇಳಿ ಮಾಡಿಸಿದ್ದು ಇದು? ಬರೀ ಮೇಲ್ ನೋಡಿ, ಪೇಪರ್ ಓದುವವರಿಗೆ ಇನ್‌ಪುಟ್ ಗೆಸ್ಚರ್ಸ್ ಮತ್ತು ಡಿಕ್ಷನರಿ ಸಾಕು. ಅಷ್ಟನ್ನಂತೂ ಎಲ್ಲರೂ ಕಲಿಯಲೇಬೇಕು. ಕನ್ನಡ ಕಡತಗಳ ಜೊತೆ ದಿನವಿಡೀ ಇರುವ ನೌಕರರು, ಶಿಕ್ಷಕರು, ಬ್ಯಾಂಕಿನವರು ಸ್ಕ್ರ್ಯಾಚ್‌ಪ್ಯಾಡ್ ತನಕ ಬನ್ನಿ. ಹಳೆಯ ನುಡಿ ಫೈಲ್ ಓದಿಸುವ ಗೊಡವೆ ಆಸ್ಟ್ರೇಲಿಯಾದಲ್ಲಿ ಕೂತವರಿಗೆ ಬರುವುದಿಲ್ಲ, ಬರಬೇಕು ಅಂತಲೂ ಇಲ್ಲ. ಆದರೆ ನಮ್ಮ ತೊಂದರೆಯನ್ನು ನಾವೇ ಸರಿ ಮಾಡಿಕೊಳ್ಳಲು ಅವರು ಜಾಗ ಬಿಟ್ಟಿದ್ದಾರೆ. ಕೆಲಸ ಆಗುತ್ತಿದೆ ಅನ್ನಿಸಿದರೆ ಎನ್‌ವಿ ಆಕ್ಸೆಸ್‌ಗೆ ಕೈಲಾದಷ್ಟು ದೇಣಿಗೆ ಕೊಡಿ, ನಾನು ಕೊಡುತ್ತೇನೆ.

ನುಡಿ ಸ್ಕ್ರಿಪ್ಟ್‌ನಲ್ಲಿ ಇನ್ನೂ ಬಾಕಿ ಇರುವುದು ಶ್ರೀಲಿಪಿ ಎಂಬ ಇನ್ನೊಂದು ಟೈಪಿಂಗ್ ತಂತ್ರಾಂಶದ ಫೈಲ್‌ಗಳು. ಅದರ ಅಕ್ಷರ ಜೋಡಣೆ ಬೇರೆ, ಕೋಷ್ಟಕವೂ ಬೇರೆಯೇ ಬೇಕು. ಮುದ್ರಣಾಲಯದಿಂದ ಬರುವ ಫೈಲ್‌ಗಳಲ್ಲಿ ಅದು ಸಿಗುತ್ತದೆ. ಈಗ ಅದರ ಮೇಲೆ ಕೂತಿದ್ದೇನೆ.

ಕೊನೆಯದಾಗಿ ಒಂದು ಉಪಯೋಗದ ಮಾತು. ಟೂಲ್ಸ್ ಮೆನುವಿನಲ್ಲಿ ಪೋರ್ಟಬಲ್ ಕಾಪಿ ಮಾಡುವ ಆಯ್ಕೆ ಇದೆ. ಮಾಡುವಾಗ ಈಗಿನ ಸೆಟ್ಟಿಂಗ್‌ಗಳನ್ನೂ ನಕಲು ಮಾಡು ಅನ್ನುವುದಕ್ಕೆ ಟಿಕ್ ಹಾಕಿ. ಪೆನ್‌ಡ್ರೈವ್‌ಗೆ ನಿಮ್ಮ ಎನ್‌ವಿಡಿಎ ಜೊತೆ ನಿಮ್ಮ ಕೀಗಳು, ಡಿಕ್ಷನರಿ, ಸ್ಕ್ರಿಪ್ಟ್ ಎಲ್ಲವೂ ಬರುತ್ತದೆ. ಮೀಟಿಂಗ್‌ಗೆ ಜಿಲ್ಲಾ ಕಚೇರಿಗೆ ಹೋದಾಗ ಅಲ್ಲಿನ ಕಂಪ್ಯೂಟರ್‌ಗೆ ಏನೂ ಇನ್‌ಸ್ಟಾಲ್ ಮಾಡುವುದು ಬೇಡ. ಪೆನ್‌ಡ್ರೈವ್ ಹಾಕಲು ಅಲ್ಲಿನವರ ಅನುಮತಿ ಮಾತ್ರ ಮೊದಲೇ ಕೇಳಿಕೊಳ್ಳಿ.